ಹಳೇ ರೌಟರ್ ಕಟ್ಟಿ ಕಂಪ್ಯೂಟರ್ ಉಳಿಸಿಕೊಂಡಿದ್ದು: ನನ್ನ ಅನುಭವ

ಎರಡು ಮಳೆಗಾಲ ಕಳೆಯಿತು. ಆ ಮಳೆಗಾಲಗಳಲ್ಲಿ ನಮ್ಮ ಮನೆಯ ಕಂಪ್ಯೂಟರ್ ಒಂದು ಸಲವೂ ಕಪ್ಪು ಪರದೆಯಲ್ಲಿ ನಿಂತು, ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಆಜ್ಞೆಯಾದ ಎಫ್‌ಎಸ್‌ಸಿಕೆ ಕೇಳಿಲ್ಲ. ಅದಕ್ಕೆ ಮುಂಚಿನ ಒಂದೇ ಮಳೆಗಾಲದಲ್ಲಿ ಹದಿನಾಲ್ಕೋ ಹದಿನೈದೋ ಸಲ ಕೇಳಿತ್ತು. ಕರೆಂಟ್ ಹೋದಾಗ ಕಂಪ್ಯೂಟರ್ ತಾನೇ ಸರಿಯಾಗಿ ಆಫ್ ಆಗುವ ಹಾಗೆ ಹಳೇ ರೌಟರ್ ಒಂದನ್ನು ಕಟ್ಟಿದೆ. ಇದು ಆಗೋ ಕೆಲಸ ಅಲ್ಲ ಅಂದವರು ಮೂರು ಜನ. ಮೂವರೂ ಈಗ ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಜೂನ್ ಶುರುವಾದರೆ ಲೈನಿನ ಮೇಲೆ ಮರ ಬೀಳುವುದು ಹೊಸತಲ್ಲ. ಕರೆಂಟ್ ಹೋದರೆ ಆರು ಗಂಟೆ, ಕೆಲವೊಮ್ಮೆ ಮೂರು ದಿನ. ಕಂಪ್ಯೂಟರ್ ಹಳೇದು. ಎರಡು ಕೋರ್, 4 ಜಿಬಿ ರ‍್ಯಾಮ್, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ. ಅಡಿಕೆ ಲೆಕ್ಕ, ಕೂಲಿ ಲೆಕ್ಕ, ಮಗಳ ಓದು, ಎಲ್ಲ ಅದರಲ್ಲೇ. ಅಡಿಕೆಯ ದರ್ಜೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟಕ್ಕೆ ಹೋಯಿತು ಅಂತ ಹತ್ತು ವರ್ಷದ ಲೆಕ್ಕ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಬರೆದಿಟ್ಟಿದ್ದೇನೆ.

ಆ ಫೈಲೇ ಒಂದು ದಿನ ಹೋಯಿತು. ಸೇವ್ ಮಾಡಿ ಎದ್ದಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಮುಗಿದು ಅದೂ ಸತ್ತಿತು. ಮಾರನೇ ದಿನ ಆನ್ ಮಾಡಿದರೆ ಪೂರ್ತಿ ಏಳದೆ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ನಿಂತಿತ್ತು. ಎಫ್‌ಎಸ್‌ಸಿಕೆ ಓಡಿಸಿ, ಎಲ್ಲದಕ್ಕೂ ವೈ ಒತ್ತಿ ಒಳಗೆ ಹೋದರೆ ಫೈಲಿನ ಹೆಸರು ಇದೆ, ಒಳಗೆ ಸೊನ್ನೆ ಬೈಟ್. ಮೂರು ವಾರದ ಹಿಂದಿನ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಇತ್ತು ಅನ್ನುವುದೊಂದೇ ಸಮಾಧಾನ. ಆ ಮೂರು ವಾರ ಕೊಯ್ಲಿನ ವಾರ. ಕೂಲಿಯವರ ಹತ್ತಿರವೇ ಕೇಳಿ ಕೇಳಿ ಮತ್ತೆ ಬರೆದೆ.

ಮೊದಲು ಶಿವಮೊಗ್ಗದ ಒಂದು ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ಹಾರ್ಡ್ ಡಿಸ್ಕ್ ಹೋಗಿದೆ ಅಂದರು. 1 ಟಿಬಿ ಹೊಸದು ಹಾಕಿಸಿದೆ, ಮೂರೂವರೆ ಸಾವಿರದ ಆಸುಪಾಸು. ಎರಡು ವಾರಕ್ಕೆ ಮತ್ತೆ ಅದೇ ಕಪ್ಪು ಪರದೆ. ಆಗ ನಾನೇ ಕೂತು, ಡಿಸ್ಕಿನ ಆರೋಗ್ಯದ ಲೆಕ್ಕ ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ ಎರಡೂ ಡಿಸ್ಕಿನ ಪಟ್ಟಿ ತೆಗೆದೆ. ಹಳೇ ಡಿಸ್ಕಿನಲ್ಲಿ ಕೆಟ್ಟ ಜಾಗದ ಲೆಕ್ಕ ಹೇಳುವ ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಪೆಂಡಿಂಗ್ ಸೊನ್ನೆ. ಡಿಸ್ಕ್ ಚೆನ್ನಾಗೇ ಇದೆ. ಏರಿದ್ದು ಎರಡೇ ಸಾಲು. ಒಂದು ಯುಡಿಎಂಎ ಸಿಆರ್‌ಸಿ ಎರರ್. ಅದು ಡಿಸ್ಕಿನ ತಪ್ಪಲ್ಲ, ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯದು. ಆ ದಾರಿಯಾದ ಸಾಟಾ ಕೇಬಲ್ ಬಿಚ್ಚಿ ನೋಡಿದರೆ ತುದಿಯಲ್ಲಿ ಕಿಲುಬು. ಎಂಬತ್ತು ರೂಪಾಯಿಯ ಕೇಬಲ್ ಹಾಕಿದೆ, ಆ ಸಂಖ್ಯೆ ಅಲ್ಲೇ ನಿಂತಿತು. ಇನ್ನೊಂದು ಸಾಲು ಪವರ್ ಆಫ್ ರಿಟ್ರ್ಯಾಕ್ಟ್ ಕೌಂಟ್. ಓಡುತ್ತಿರುವಾಗಲೇ ಕರೆಂಟ್ ಕಿತ್ತುಹೋಗಿ ಡಿಸ್ಕಿನ ತಲೆ ಗಾಬರಿಯಲ್ಲಿ ಹಿಂದೆ ಸರಿದ ಲೆಕ್ಕ ಅದು. ಹೊಸ ಡಿಸ್ಕಿನಲ್ಲೂ ಅದು ಎರಡೇ ವಾರಕ್ಕೆ ಒಂಬತ್ತು ಆಗಿತ್ತು.

ಅಲ್ಲಿಗೆ ರೋಗ ಯಾವುದು ಅಂತ ನನಗೆ ಗೊತ್ತಾಯಿತು. ಲಿನಕ್ಸ್‌ದೂ ಅಲ್ಲ, ಡಿಸ್ಕಿನದೂ ಅಲ್ಲ. ಮನೆಯಲ್ಲಿ ಯಾರೂ ಹತ್ತಿರ ಇಲ್ಲದಾಗ ಯುಪಿಎಸ್ ಖಾಲಿಯಾಗುವವರೆಗೂ ಕಂಪ್ಯೂಟರ್ ಓಡುತ್ತಿತ್ತು, ಆಮೇಲೆ ಧಡ್ ಅಂತ ಆರುತ್ತಿತ್ತು. ನಾನು ತೋಟದಲ್ಲಿ ಇರುತ್ತೇನೆ. ಯುಪಿಎಸ್ ಕೂಗಿದ್ದು ಅಲ್ಲಿಗೆ ಕೇಳುವುದಿಲ್ಲ.

ಇದಕ್ಕೂ ದುಡ್ಡು ಸುರಿದೆ. ದೊಡ್ಡ ಯುಪಿಎಸ್ ತಂದೆ, ಐದೂವರೆ ಸಾವಿರ. ಎಂಟು ನಿಮಿಷದ ಬದಲು ಇಪ್ಪತ್ತು ನಿಮಿಷ ಬಂತು. ಆರು ಗಂಟೆ ಕರೆಂಟ್ ಇಲ್ಲದ ಊರಲ್ಲಿ ಇಪ್ಪತ್ತು ನಿಮಿಷ ಇಟ್ಟುಕೊಂಡು ಏನು ಮಾಡುವುದು? ಎಂಟನೇ ನಿಮಿಷಕ್ಕೆ ಸಾಯುವ ಬದಲು ಇಪ್ಪತ್ತನೇ ನಿಮಿಷಕ್ಕೆ ಸಾಯುತ್ತದೆ. ಅದು ಈಗ ಭಾವನ ಮನೆಯಲ್ಲಿ ಟಿವಿಗೆ ಇದೆ. ಆಮೇಲೆ ಯುಎಸ್‌ಬಿ ತಂತಿ ಇರುವ ಯುಪಿಎಸ್ ತರಿಸಿದೆ. ಕಂಪ್ಯೂಟರಿಗೆ ತಾನೇ ಹೇಳಿ ಆಫ್ ಮಾಡಿಸುತ್ತದೆ ಅಂತ ಡಬ್ಬದ ಮೇಲೆ ಇತ್ತು, ಜೊತೆಗೆ ಕೊಟ್ಟ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಯುಪಿಎಸ್ ಜೊತೆ ಮಾತಾಡುವ ನಟ್ ಅನ್ನುವ ಸಾಫ್ಟ್‌ವೇರ್ ಹಾಕಿ, ಅದರ ಕ್ಯೂಎಕ್ಸ್ ಡ್ರೈವರ್‌ನಲ್ಲಿ ಇರುವ ಪ್ರೋಟೋಕಾಲ್, ಅಂದರೆ ಮಾತಿನ ಕ್ರಮ, ಎಲ್ಲಾ ಒಂದೊಂದಾಗಿ ಕೊಟ್ಟು ನಾಲ್ಕು ರಾತ್ರಿ ಕೂತೆ. ಆ ಪೆಟ್ಟಿಗೆ ಬಾಯಿ ಬಿಡಲಿಲ್ಲ. ವಾಪಸ್ ಕಳಿಸಿದೆ, ಸಾಗಣೆ ಖರ್ಚು ನನ್ನ ತಲೆಗೆ ಬಂತು. ನಿಮ್ಮ ಯುಪಿಎಸ್ ನಟ್ ಜೊತೆ ಮಾತಾಡುತ್ತದೆ ಅಂದರೆ ನಿಮಗೆ ಈ ಬರಹ ಬೇಡವೇ ಬೇಡ. ಅದನ್ನೇ ಹಾಕಿಕೊಳ್ಳಿ.

ಬೆಂಗಳೂರಲ್ಲಿರುವ ಮಗ, "ಅಪ್ಪಾ, ಸುಮ್ನೆ ಒಂದು ಲ್ಯಾಪ್‌ಟಾಪ್ ತಗೊಳ್ಳಿ, ಬ್ಯಾಟರಿ ಒಳಗೇ ಇರುತ್ತೆ" ಅಂದ. ಮಾತು ಸರಿಯೇ. ಆದರೆ ನಲವತ್ತು ಸಾವಿರ ಯಾಕೆ ಹಾಕಬೇಕು? ಗಟ್ಟಿಯಾಗಿ ಓಡುವ ಯಂತ್ರ ಎದುರಿಗೇ ಇದೆ.

ಉಪಾಯ ಹೊಳೆದಿದ್ದು ಅಟ್ಟದಲ್ಲಿ. ಲ್ಯಾಂಡ್‌ಲೈನ್ ಕಾಲದ ರೌಟರ್ ಒಂದು ಬಿದ್ದಿತ್ತು. ಫೋನ್ ತಂತಿಯಲ್ಲಿ ಸಿಡಿಲು ಬಂದು ಅದರ ಫೋನ್ ಪೋರ್ಟ್ ಸುಟ್ಟಿತ್ತು. ಕಂಪ್ಯೂಟರಿನ ತಂತಿ ಸಿಕ್ಕಿಸುವ ಲ್ಯಾನ್ ಪೋರ್ಟ್ ನಾಲ್ಕರಲ್ಲಿ ಎರಡು ಜೀವಂತ. ಅದನ್ನು ಯುಪಿಎಸ್‌ಗೆ ಸೇರಿಸದೆ ನೇರ ಗೋಡೆಯ ಪ್ಲಗ್ಗಿಗೆ ಹಾಕಿ, ಲ್ಯಾನ್ ಕೇಬಲ್ ಒಂದನ್ನು ಕಂಪ್ಯೂಟರಿಗೆ ಎಳೆದೆ. ಕರೆಂಟ್ ಹೋದ ತಕ್ಷಣ ರೌಟರ್ ಆರುತ್ತದೆ, ಲ್ಯಾನ್ ದೀಪ ಆರುತ್ತದೆ. ಯುಪಿಎಸ್ ಮೇಲಿರುವ ಕಂಪ್ಯೂಟರಿಗೆ ಅದು ಗೊತ್ತಾಗುತ್ತದೆ. ಸಿಸ್ ಫೋಲ್ಡರಿನ ಒಳಗೆ ಕ್ಲಾಸ್, ಅದರೊಳಗೆ ನೆಟ್, ಅದರೊಳಗೆ ನಿಮ್ಮ ಲ್ಯಾನ್ ಕಾರ್ಡಿನ ಹೆಸರು, ಅಲ್ಲಿ ಕ್ಯಾರಿಯರ್ ಅಂತ ಒಂದು ಫೈಲ್ ಇದೆ. ಟರ್ಮಿನಲ್‌ನಲ್ಲಿ ಕ್ಯಾಟ್ ಅನ್ನುವ ಆಜ್ಞೆ ಕೊಟ್ಟು ಓದಿ ನೋಡಿ. ಆ ತುದಿಯಲ್ಲಿ ಜೀವ ಇದ್ದರೆ 1, ಇಲ್ಲದಿದ್ದರೆ 0. ಇಷ್ಟೇ ಸಾಕು.

ಭಾವ ಬಂದವರು ಇದನ್ನು ನೋಡಿ, "ಅಲ್ಲ ಮಾರಾಯ, ಅದಕ್ಕೆ ಇಂಟರ್ನೆಟ್ಟೇ ಇಲ್ಲ, ಎಂತಕ್ಕೆ ಕಟ್ಟಿದ್ದು?" ಅಂದರು. ಅಂಗಡಿಯವರಿಗೆ ಫೋನಿನಲ್ಲಿ ಹೇಳಿದರೆ, ಹಂಗೆಲ್ಲ ಆಗಲ್ಲ ಸಾರ್ ಅಂದರು.

ಮೊದಲ ದಿನವೇ ಭಾವನ ಮಾತು ನಿಜವಾಗುವ ಹಾಗೆ ಆಯಿತು. ಕೇಬಲ್ ಸಿಕ್ಕಿಸಿದ ಕೂಡಲೇ ವೈಫೈ ಇದ್ದೂ ಇಂಟರ್ನೆಟ್ ನಿಂತಿತು. ಲ್ಯಾನ್ ಕಂಡರೆ ನೆಟ್‌ವರ್ಕ್ ಮ್ಯಾನೇಜರ್ ವೈಫೈ ಬಿಟ್ಟು ಅದರ ದಾರಿಯನ್ನೇ ಹಿಡಿಯುತ್ತದೆ. ವೈರ್ಡ್ ಕನೆಕ್ಷನ್‌ನ ಐಪಿವಿ4 ರೂಟ್ಸ್‌ನಲ್ಲಿ, ಈ ಕನೆಕ್ಷನ್ ಇದರ ನೆಟ್‌ವರ್ಕಿಗೆ ಮಾತ್ರ ಅನ್ನುವ ಟಿಕ್ ಹಾಕಿದೆ. ಸರಿಹೋಯಿತು.

ಆ ಫೈಲ್ ನೋಡಿಕೊಳ್ಳಲು ಬರೆದ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಹತ್ತು ಸಾಲು ದಾಟಲಿಲ್ಲ. ಹತ್ತು ಸೆಕೆಂಡಿಗೊಮ್ಮೆ ಕ್ಯಾರಿಯರ್ ಓದುವುದು. 0 ಬಂದರೆ ಎಣಿಕೆ ಒಂದು ಏರುತ್ತದೆ, 1 ಬಂದರೆ ಎಣಿಕೆ ಮತ್ತೆ ಸೊನ್ನೆ. ಮಿತಿ ಮುಟ್ಟಿದರೆ ಪವರ್‌ಆಫ್. ಸಿಸ್ಟಮ್‌ಡಿ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಕೆಲಸ, ಮಾಡಿ ಪೂರ್ತಿ ಅಧಿಕಾರ ಇರುವ ರೂಟ್ ಹೆಸರಲ್ಲಿ ಓಡಿಸಿದೆ. ಮೊದಲು ಮಿತಿಯನ್ನು ಮೂರಕ್ಕೆ ಇಟ್ಟಿದ್ದೆ. ಅದು ತಪ್ಪು. ಕರೆಂಟ್ ಕಣ್ಣು ಮಿಟುಕಿಸಿದರೂ ರೌಟರ್ ಮತ್ತೆ ಏಳಲು ಅರ್ಧ ನಿಮಿಷ ಬೇಕು. ಮಗಳು ನುಡಿ ಕೀಲಿಮಣೆಯಲ್ಲಿ ಎರಡು ಪುಟ ಪ್ರಬಂಧ ಕುಟ್ಟಿದ್ದಳು, ಕರೆಂಟ್ ಬಂದು ಆಗಿದ್ದರೂ ಕಂಪ್ಯೂಟರ್ ಆಫ್. ಅವತ್ತು ಅವಳು ಊಟಕ್ಕೂ ಬರಲಿಲ್ಲ. ಈಗ ಮಿತಿ ಹನ್ನೆರಡು, ಅಂದರೆ ಎರಡು ನಿಮಿಷ. ಬ್ಯಾಟರಿ ಹಳತಾಗಿ ನಾಲ್ಕು ನಿಮಿಷಕ್ಕೆ ಇಳಿದರೂ ಸಾಕಾಗುತ್ತದೆ.

ಅವಳಿಗಾಗಿ ಒಂದು ಮಾತನ್ನೂ ಸೇರಿಸಿದೆ. ಎಣಿಕೆ ನಾಲ್ಕು ಮುಟ್ಟಿದಾಗ, ಬರೆದದ್ದನ್ನು ಓದಿ ಹೇಳುವ ಈಸ್ಪೀಕ್ ಎನ್‌ಜಿ ಕನ್ನಡದಲ್ಲಿ, "ಕರೆಂಟ್ ಹೋಗಿದೆ, ಫೈಲ್ ಉಳಿಸಿ" ಅನ್ನುತ್ತದೆ. ದನಿ ತಗಡು ಬಡಿದ ಹಾಗಿದೆ, ಆದರೆ ಮಾತು ಸ್ಪಷ್ಟ. ರೂಟ್ ಸರ್ವಿಸಿನಿಂದ ಸದ್ದು ಹೊರಡಲೇ ಇಲ್ಲ. ಮಾತಾಡುವ ಭಾಗವನ್ನು ಬೇರೆ ಮಾಡಿ, ಲಾಗಿನ್ ಆದಾಗ ಶುರುವಾಗುವ ಪಟ್ಟಿಗೆ ಹಾಕಿದ ಮೇಲೆ ಬಂತು. ಸ್ಪೀಕರ್ ಕೂಡ ಯುಪಿಎಸ್ ಮೇಲೆ ಇರಬೇಕು, ಅದನ್ನು ಮರೆಯಬೇಡಿ. ನಮ್ಮ ಅಮ್ಮನಿಗೆ ಎಂಬತ್ತು ದಾಟಿದೆ. ಅದು ಮಾತಾಡಿದ ಕೂಡಲೇ ಜಗಲಿಗೆ ಬಂದು, "ಕಂಪ್ಯೂಟರ್ ಕರೀತಾ ಇದೆ ಕಾಣೋ" ಅಂತ ಅಂಗಳಕ್ಕೆ ಕೇಳುವ ಹಾಗೆ ಕೂಗುತ್ತಾರೆ.

ಮೊದಲ ಮಳೆಗಾಲ ಚೆನ್ನಾಗಿ ಕಳೆಯಿತು. ಬೇಸಿಗೆಯಲ್ಲಿ ಮತ್ತೆ ಕಪ್ಪು ಪರದೆ. ಇದು ನನಗೆ ತುಂಬಾ ತಲೆ ತಿಂದ ವಿಷಯ. ರೌಟರ್ ದೀಪ ಉರಿಯುತ್ತಿದೆ, ಸ್ಕ್ರಿಪ್ಟ್ 1 ಓದುತ್ತಿದೆ, ಯುಪಿಎಸ್ ಮಾತ್ರ ಬ್ಯಾಟರಿಯಲ್ಲಿ ಕೂಗುತ್ತಾ ಸಾಯುತ್ತಿದೆ. ಒಂದು ವಾರ ನೋಡಿದೆ. ಆಗುವುದೆಲ್ಲ ಬೆಳಿಗ್ಗೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟರ್ ಶುರುವಾಗುವ ಹೊತ್ತಿಗೆ. ಮೀಟರ್ ಹಿಡಿದರೆ 130 ವೋಲ್ಟ್ ಚಿಲ್ಲರೆ. ಅಷ್ಟು ಕಡಿಮೆ ಆದರೆ ಯುಪಿಎಸ್ ಲೈನ್ ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ರೌಟರಿನ ಅಡಾಪ್ಟರ್ ಕೈಯಲ್ಲಿ ಹಿಡಿದು ಕನ್ನಡಕ ಹಾಕಿ ಓದಿದೆ. ಇನ್‌ಪುಟ್ 100ರಿಂದ 240 ವೋಲ್ಟ್. ಅದಕ್ಕೆ 130 ಅಂದರೆ ಹಬ್ಬ!

ಇದಕ್ಕೆ ಮದ್ದು ಸಿಕ್ಕಿದ್ದು ಹಳೇ ಫ್ರಿಜ್ ಸ್ಟೆಬಿಲೈಜರ್‌ನಲ್ಲಿ. ವೋಲ್ಟೇಜ್ ತೀರಾ ಇಳಿದರೆ ಅದು ಔಟ್‌ಪುಟ್ ಕಡಿದುಬಿಡುತ್ತದೆ. ರೌಟರ್ ಅಡಾಪ್ಟರನ್ನು ಅದರ ಮೂಲಕ ಕೊಟ್ಟೆ. ಆದರೆ ಫ್ರಿಜ್ಜಿನ ಕಂಪ್ರೆಸರ್ ಕಾಪಾಡಲು ಅದರಲ್ಲಿ ಮೂರು ನಿಮಿಷದ ಡಿಲೇ ಇರುತ್ತದೆ, ಗೊತ್ತಲ್ವಾ. ಕರೆಂಟ್ ಎರಡು ಸೆಕೆಂಡ್ ಹೋಗಿ ಬಂದರೂ ಸ್ಟೆಬಿಲೈಜರ್ ಮೂರು ನಿಮಿಷ ಸುಮ್ಮನಿರುತ್ತದೆ. ನನ್ನ ಸ್ಕ್ರಿಪ್ಟ್ ಎರಡನೇ ನಿಮಿಷಕ್ಕೇ ಕಂಪ್ಯೂಟರ್ ಆರಿಸುತ್ತದೆ. ತೀರ್ಥಹಳ್ಳಿಯ ಹಳೇ ರೇಡಿಯೋ ರಿಪೇರಿಯವರ ಹತ್ತಿರ ಕೊಟ್ಟು ಡಿಲೇ ತೆಗೆಸಿದೆ, ನೂರೈವತ್ತು ರೂಪಾಯಿ. ಕಡಿಯುವ ವೋಲ್ಟೇಜನ್ನೂ ಯುಪಿಎಸ್‌ಗಿಂತ ಸ್ವಲ್ಪ ಮೇಲೆ ಕೂರಿಸಿದ್ದೇವೆ. ಎಷ್ಟಕ್ಕೆ ಕೂರಿಸಿದ್ದು, ಹೇಗೆ ಅಳೆದಿದ್ದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾವಿಬ್ಬರೂ ಎರಡು ಭಾನುವಾರ ಕೊಟ್ಟಿದ್ದೇವೆ. ಬೇಕಾದವರು ಮನೆಗೆ ಬನ್ನಿ, ತೋರಿಸುತ್ತೇನೆ.

ನಡುವೆ ತೇವದ ಮೇಲೂ ಒಂದಿಷ್ಟು ಪ್ರಯೋಗ ಮಾಡಿದೆ. ಕೇಬಲ್ ತುದಿಗೆ ಕಿಲುಬು ಬಂದದ್ದು ನೋಡಿ ಕಂಪ್ಯೂಟರನ್ನು ಬಚ್ಚಲು ಒಲೆಯ ಹಿಂದಿನ ಕೋಣೆಗೆ ಸಾಗಿಸಿದೆ. ಗೋಡೆ ಸದಾ ಬೆಚ್ಚಗಿರುತ್ತದೆ, ಅಡಿಕೆ ಒಣಗುವ ಜಾಗ. ತೇವ ಹೋಯಿತು, ಮಸಿ ಬಂತು. ಎರಡೇ ತಿಂಗಳಲ್ಲಿ ಪ್ರೊಸೆಸರ್ ಫ್ಯಾನಿನ ರೆಕ್ಕೆಗೆ ಎಣ್ಣೆಮಸಿ ಅಂಟಿ ಅದು ಅರಚತೊಡಗಿತು. ವಾಪಸ್ ಜಗಲಿ ಕೋಣೆಗೆ ತಂದೆ. ದಿನಕ್ಕೆ ಎರಡು ಗಂಟೆ ಕಂಪ್ಯೂಟರ್ ಆನ್ ಇಡುವುದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಗಲಿಲ್ಲ. ಜೂನ್ ಮೊದಲ ವಾರ ರ‍್ಯಾಮ್ ತೆಗೆದು ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕುತ್ತೇನೆ. ಮೂರು ದಿನ ಕರೆಂಟ್ ಇಲ್ಲದೆ ಮತ್ತೆ ಆನ್ ಮಾಡಿದಾಗ ಯಾವ ವೆಬ್‌ಸೈಟೂ ತೆರೆಯದೆ ಸರ್ಟಿಫಿಕೇಟ್ ಸರಿ ಇಲ್ಲ ಅಂದರೆ ಮೊದಲು ತಾರೀಕು ನೋಡಿ. ಬೋರ್ಡಿನ ಮೇಲೆ ಗಡಿಯಾರ ನಡೆಸುವ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತಿರುತ್ತದೆ. ಮೂವತ್ತು ರೂಪಾಯಿಯ ಕೆಲಸ. ಇದೇ ತೊಂದರೆಗೆ ಹೊಸೂರಿನ ಕಡೆಯ ಸ್ನೇಹಿತರೊಬ್ಬರು ಸಿಸ್ಟಮ್ಮನ್ನೇ ಫಾರ್ಮ್ಯಾಟ್ ಮಾಡಿಸಿದ್ದರು.

ಒಟ್ಟು ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಗೆದ್ದ ದಾರಿಗೆ ಲ್ಯಾನ್ ಕೇಬಲ್ ಅರವತ್ತು, ಸಾಟಾ ಕೇಬಲ್ ಎಂಬತ್ತು, ಸ್ಟೆಬಿಲೈಜರ್ ಕೆಲಸ ನೂರೈವತ್ತು, ಹಳೇ 600 ವಿಎ ಯುಪಿಎಸ್‌ಗೆ ಹೊಸ 12 ವೋಲ್ಟ್ 7 ಎಎಚ್ ಬ್ಯಾಟರಿ ಸಾವಿರ. ಎಲ್ಲ ಸೇರಿ ಸುಮಾರು ಹದಿಮೂರು ನೂರು. ಅದಕ್ಕೆ ಮುಂಚೆ ದಾರಿ ಹುಡುಕುತ್ತಾ ಕಳೆದದ್ದು ಒಂಬತ್ತೂವರೆ ಸಾವಿರ. ಅಂಗಡಿಯವರು ಹೋಗಿದೆ ಅಂದ ಹಾರ್ಡ್ ಡಿಸ್ಕ್ ಈಗಲೂ ಓಡುತ್ತಿದೆ, ಬ್ಯಾಕಪ್‌ಗೆ ಇಟ್ಟಿದ್ದೇನೆ.

ಹೋದ ಜುಲೈನಲ್ಲಿ ಹೆದ್ದಾರಿ ಪಕ್ಕದ ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಹೋದಾಗ ನಾನು ಹಿಂದಿನ ಗುಡ್ಡದಲ್ಲಿ ಸೊಪ್ಪು ಕಡಿಯುತ್ತಿದ್ದೆ, ಮನೆಯಲ್ಲಿ ಅಮ್ಮ ಒಬ್ಬರೇ. ಐದನೇ ದಿನ ಸಂಜೆ ಲೈನ್ ಬಂತು. ಭಾವನೂ ಇದ್ದರು. ಸ್ವಿಚ್ ಒತ್ತಿದೆ, ನೇರ ಲಾಗಿನ್ ಬಂತು. ಡಿಸ್ಕಿನ ಪಟ್ಟಿ ತೆಗೆದು ಅವರಿಗೇ ಓದಲು ಕೊಟ್ಟೆ. ಎಷ್ಟು ಸಲ ಆನ್ ಆಯಿತು ಅನ್ನುವ ಪವರ್ ಸೈಕಲ್ ಏರಿತ್ತು. ರಿಟ್ರ್ಯಾಕ್ಟ್ ಕೌಂಟ್ ಬೇಸಿಗೆಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ, 61. ಭಾವ ಎರಡು ಸಲ ಬೆರಳಿಟ್ಟು ಓದಿದರು. ಆಮೇಲೆ, "ನಮ್ಮನೆ ಅಟ್ಟದಲ್ಲೂ ಒಂದು ರೌಟರ್ ಇರಬೇಕು, ಹುಡುಕ್ತೇನೆ ತಡಿ" ಅಂದರು.