ಎಡಗಡೆಯ ಗಾಲಿ ಮಾತ್ರ ಏಕೆ ಬಿಸಿ?

ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಕಲಾದಗಿಯಿಂದ ಬಾಗಲಕೋಟೆಯ ನವನಗರಕ್ಕೆ ಮರಳುವಾಗ, ಸ್ಟೇರಿಂಗ್ ಮೇಲಿನ ಹಿಡಿತವನ್ನು ಸ್ವಲ್ಪ ಸಡಿಲಿಸಿದರೆ ಸಾಕು, ಕಾರು ಎಡಕ್ಕೆ ಎಳೆಯುತ್ತಿರುವುದು ಗಮನಕ್ಕೆ ಬಂತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬ್ರೇಕ್ ಒತ್ತುತ್ತ, ಬಿಡುತ್ತ ಬರುವುದು ಆ ದಿನಗಳಲ್ಲಿ ನಿತ್ಯದ ಮಾತಾದ್ದರಿಂದ, ಟಯರಿನ ಗಾಳಿ ಕಡಿಮೆಯಾಗಿರಬೇಕೆಂದುಕೊಂಡು ಸುಮ್ಮನಾದೆ. ಮನೆಯ ಮುಂದೆ ಇಳಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಲಿಗೆ ತಾಗಿಸದೆ ಕೈಯನ್ನು ಹತ್ತಿರ ಹಿಡಿದು ನೋಡಿದೆ. ಬಲಗಡೆಯ ಮುಂದಿನ ಗಾಲಿ ಬೆಚ್ಚಗಿತ್ತು. ಎಡಗಡೆಯದು ಆಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿಯ ಹಂಚಿನಂತೆ ಕಾವು ಉಗುಳುತ್ತಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ 2012ರ ಈ ಪೆಟ್ರೋಲ್ ಕಾರಿನ ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್‌ಗಳನ್ನು ಹಲವು ವರ್ಷಗಳಿಂದ ನಾನೇ ಬದಲಿಸುತ್ತಿದ್ದೇನೆ. ಗಾಲಿಯೊಡನೆ ತಿರುಗುವ ಡಿಸ್ಕಿಗೆ ಎರಡೂ ಬದಿಯಿಂದ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಪೂರ್ತಿ ಕಳಚಿದ್ದು ಮಾತ್ರ ಇದೇ ಮೊದಲು.

ಮರುದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದರೆ ಗಾಣ ತಿರುಗಿಸಿದಷ್ಟು ಭಾರವಾಗಿತ್ತು. ಇಷ್ಟು ಕಂಡೊಡನೆ ಕ್ಯಾಲಿಪರ್ ಕೊಳ್ಳಲು ಅಂಗಡಿಗೆ ಓಡುವುದು ಸರಿಯಲ್ಲ, ಏಕೆಂದರೆ ಗಾಲಿ ಹಿಡಿದುಕೊಳ್ಳಲು ಬೇರೆ ಕಾರಣವೂ ಇರಬಹುದು. ಹಳೆಯ ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡಿದ್ದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಕ್ಯಾಲಿಪರಿಗೆ ಹೋಗುತ್ತದೆ, ಬಿಟ್ಟಾಗ ಸಲೀಸಾಗಿ ಹಿಂದಿರುಗುವುದಿಲ್ಲ. ಅದಕ್ಕಾಗಿ ಮಗನನ್ನು ಒಳಗೆ ಕೂಡಿಸಿ ಬ್ರೇಕ್ ಒತ್ತಿಸಿ ಬಿಡಿಸಿದೆ. ಗಾಲಿ ಬಿಗಿಯಾದ ಮೇಲೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು (ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ಸಣ್ಣ ತಿರುಪು) ಕಾಲು ಸುತ್ತು ಸಡಿಲಿಸಿದೆ. ಸಿಕ್ಕಿಕೊಂಡ ಒತ್ತಡವೇ ಕಾರಣವಾಗಿದ್ದರೆ ಆಯಿಲ್ ಚಿಮ್ಮಿ ಗಾಲಿ ಹಗುರಾಗಬೇಕಿತ್ತು. ಎರಡು ಹನಿ ಜಿನುಗಿತೇ ಹೊರತು ಗಾಲಿ ಹಗುರಾಗಲಿಲ್ಲ. ಹಾಗಾದರೆ ದೋಷ ಹೋಸಿನಲ್ಲಿಲ್ಲ, ಕ್ಯಾಲಿಪರಿನಲ್ಲಿಯೇ ಇದೆ.

ಬಿಚ್ಚಿ ನೋಡಿದಾಗ ಎಲ್ಲವೂ ಕಣ್ಣೆದುರಿಗೇ ಇತ್ತು. ಹೊರಗಿನ ಪ್ಯಾಡ್ ಅರ್ಧದಷ್ಟು ಉಳಿದಿದ್ದರೆ ಒಳಗಿನದು ಬೆಣೆಯಂತೆ ಓರೆಯಾಗಿ ಸವೆದು, ಒಂದು ತುದಿಯಲ್ಲಿ ಕಬ್ಬಿಣದ ತಗಡನ್ನು ಮುಟ್ಟುವುದರಲ್ಲಿತ್ತು. ಇಂಥ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಎರಡು ಪಿನ್ನುಗಳ ಮೇಲೆ ಇಡೀ ಕ್ಯಾಲಿಪರ್ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಮೇಲಿನ ಪಿನ್ ಬೆರಳಿನಿಂದಲೇ ಜಾರಿತು. ಕೆಳಗಿನದು ಇಕ್ಕಳ ಹಾಕಿ ತಿರುಚಿ ಎಳೆದ ಮೇಲೆಯೇ ಹೊರಬಂತು, ಅದೂ ಬೆಲ್ಲದ ಪಾಕದಂಥ ಕಂದು ಅಂಟನ್ನು ಎಳೆಎಳೆಯಾಗಿ ಹೊತ್ತುಕೊಂಡು. ಅದರ ತುದಿಯ ರಬ್ಬರ್ ತೋಳು ನೆನೆದ ಕಡಲೆಯ ಹಾಗೆ ಉಬ್ಬಿತ್ತು. ಎರಡು ವರ್ಷಗಳ ಹಿಂದೆ ನನಗೆ ಬಿಡುವಿಲ್ಲದೆ ಒಂದು ಗ್ಯಾರೇಜಿಗೆ ಸರ್ವಿಸಿಗೆ ಕೊಟ್ಟಾಗ, ಬೇರಿಂಗಿಗೆ ಹಚ್ಚುವ ಸಾಮಾನ್ಯ ಗ್ರೀಸನ್ನೇ ಆ ಪಿನ್ನಿಗೂ ಹಚ್ಚಿದ್ದರು. ನಾನೂ ನೋಡುತ್ತ ನಿಂತಿದ್ದೆ. ಪೆಟ್ರೋಲಿಯಂ ಗ್ರೀಸ್ ಬ್ರೇಕಿನ ಈ ರಬ್ಬರನ್ನು ಉಬ್ಬಿಸುತ್ತದೆ, ಉಬ್ಬಿದ ರಬ್ಬರ್ ಪಿನ್ನನ್ನು ತೂತಿನಲ್ಲಿ ಬಿಗಿಯಾಗಿ ಹಿಡಿಯುತ್ತದೆ. ಅಲ್ಲಿ ಹಚ್ಚಬೇಕಾದದ್ದು ಬ್ರೇಕಿಗೆಂದೇ ಮಾರುವ ಸಿಲಿಕಾನ್ ಗ್ರೀಸ್.

ದೋಷ ಪಿನ್ನಿನದಷ್ಟೇ ಆಗಿದ್ದರೆ ಸ್ವಚ್ಛಗೊಳಿಸಿ, ರಬ್ಬರ್ ಬದಲಿಸಿ ಮುಗಿಸಬಹುದಿತ್ತು. ಆದರೆ ಪಿಸ್ಟನ್ನಿನ ಧೂಳುಮುಚ್ಚಿಗೆಯೂ ಹರಿದಿತ್ತು. ನಮ್ಮ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಹಿಟ್ಟಿನಂತೆ ಎಲ್ಲೆಡೆ ತೂರಿಕೊಳ್ಳುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಕೆಸರಾಗಿ ಹತ್ತಿ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಹರುಕಿನೊಳಗೆ ಪಿಸ್ಟನ್ನಿನ ಮೈಮೇಲೆ ಉಗುರಿಗೆ ಸಿಗುವಂಥ ತುಕ್ಕಿನ ಗುಳಿಗಳಿದ್ದವು. ಒತ್ತಿದ ಪಿಸ್ಟನ್ ಹಿಂದೆ ಸರಿಯುವುದು ಯಾವ ಸ್ಪ್ರಿಂಗಿನಿಂದಲೂ ಅಲ್ಲ: ಅದನ್ನು ಸುತ್ತುವರಿದ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಿದಾಗ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ಮತ್ತೆ ನೆಟ್ಟಗಾಗುವ ಕೂದಲೆಳೆಯಷ್ಟು ಚಲನೆಯಿಂದ. ಗುಳಿಬಿದ್ದ ಪಿಸ್ಟನ್ ಮೇಲೆ ಹೊಸ ಸೀಲ್ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಲಗಡೆಯ ಮುಚ್ಚಿಗೆಯೂ ಬಿರುಕು ಬಿಟ್ಟಿದ್ದರಿಂದ ಎರಡೂ ಕ್ಯಾಲಿಪರುಗಳನ್ನು, ಜೊತೆಗೆ ಎರಡೂ ಬದಿಯ ಪ್ಯಾಡ್‌ಗಳನ್ನು ತಂದೆ. ಡಿಸ್ಕಿನ ದಪ್ಪವನ್ನು ವರ್ನಿಯರಿನಿಂದ ಅಳೆದರೆ, ಅದರ ಅಂಚಿನಲ್ಲಿ ಅಚ್ಚೊತ್ತಿದ ಕನಿಷ್ಠ ಅಳತೆಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಉಳಿದಿತ್ತು. ಅದನ್ನು ಹಾಗೆಯೇ ಬಿಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಕೆಲಸ ಆರಂಭಿಸಿದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು (ಅದು ಹಿಂದಿನ ಡ್ರಮ್ಮುಗಳನ್ನು ಹಿಡಿಯುವುದರಿಂದ ಮುಂದಿನ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ), ಮುಂಭಾಗವನ್ನು ಎರಡು ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜಾಕಿನ ಮೇಲಷ್ಟೇ ನಿಂತ ಕಾರಿನ ಹತ್ತಿರ ನಾನು ಕೈ ಹಾಕುವುದಿಲ್ಲ. ಕಳಚಿದ ಗಾಲಿಯನ್ನೂ ಕಾರಿನ ಕೆಳಗೆ ಅಡ್ಡ ಮಲಗಿಸುತ್ತೇನೆ.

ಕ್ಯಾಲಿಪರ್ ಕೂತಿರುವ ಬ್ರಾಕೆಟ್ಟಿನ 17ರ ಬೋಲ್ಟುಗಳು ಪಾನಾಕ್ಕೆ ಮೂರು ಅಡಿ ಪೈಪು ಸೇರಿಸಿದ ಮೇಲೆ ‘ಟಕ್’ ಎಂದು ಬಿಟ್ಟುಕೊಟ್ಟವು. ಅದಕ್ಕೂ ಮೊದಲು, ಕ್ಯಾಲಿಪರ್ ಇನ್ನೂ ಗಟ್ಟಿಯಾಗಿ ಕೂತಿರುವಾಗಲೇ, ಹೋಸನ್ನು ಹಿಡಿದಿರುವ ಬ್ಯಾಂಜೋ ಬೋಲ್ಟನ್ನು ತುಸು ಸಡಿಲಿಸಿಟ್ಟುಕೊಂಡಿದ್ದೆ. ಕಳಚಿದ ಕ್ಯಾಲಿಪರನ್ನು ಕೈಯಲ್ಲಿ ಹಿಡಿದು ಆ ಬೋಲ್ಟ್ ತಿರುಗಿಸಲು ಹೋದರೆ ಹೋಸ್ ತಿರುಚಿಕೊಳ್ಳುತ್ತದೆ. ಹೋಸ್ ಬಿಚ್ಚಿದಾಗ ಡಬ್ಬಿಯಲ್ಲಿನ ಆಯಿಲ್ ಪೂರ್ತಿ ಸೋರಿಹೋಗದಂತೆ ಒಂದು ಉಪಾಯವಿದೆ: ಬ್ರೇಕ್ ಪೆಡಲನ್ನು ಅಂಗುಲದಷ್ಟು ಒತ್ತಿ, ಕೋಲೊಂದನ್ನು ಸೀಟಿಗೆ ಆನಿಸಿ ನಿಲ್ಲಿಸಿದರೆ, ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಡಬ್ಬಿಯಿಂದ ಬರುವ ರಂಧ್ರವನ್ನು ದಾಟಿ ಮುಚ್ಚುತ್ತದೆ. ಧಾರೆಯಾಗಿ ಸುರಿಯಬೇಕಾದದ್ದು ಹನಿಹನಿಯಾಗಿ ನಿಂತುಹೋಯಿತು.

ಬ್ರೇಕ್ ಆಯಿಲ್ ಎಂದು ಎಲ್ಲರೂ ಕರೆದರೂ ಅದು ಎಣ್ಣೆಯಲ್ಲ. ಅದರ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವಗಳು. ನೀರಿನೊಡನೆ ಬೆರೆಯುತ್ತವೆ, ಗಾಳಿಯ ತೇವವನ್ನು ಹೀರುತ್ತವೆ, ಕಾರಿನ ಬಣ್ಣವನ್ನು ತಿನ್ನುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ತೇವ ಹೀರಿದ ಮೇಲಿನ ಮಿತಿ 140; ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಅಂದಿನ ಎಡಗಾಲಿಯ ಕಾವನ್ನು ನೆನೆದರೆ ಹಳೆಯ ಆಯಿಲ್ ಕುದಿಯದೆ ಉಳಿದದ್ದೇ ನನ್ನ ಪುಣ್ಯ. ಒಂದು ಬಕೆಟ್ ನೀರನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಹನಿ ಸಿಡಿದಲ್ಲೆಲ್ಲ ತಕ್ಷಣ ತೊಳೆದೆ.

ಹೊಸ ಕ್ಯಾಲಿಪರುಗಳಲ್ಲಿ ಎಡ, ಬಲ ಅದಲುಬದಲಾಗಬಾರದು. ಬೋಲ್ಟಿನ ತೂತುಗಳು ಹೊಂದಿ ಎರಡೂ ಕೂತುಬಿಡಬಹುದು, ಆದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಯಾವಾಗಲೂ ಮೇಲೇರಿ ನಿಲ್ಲುವುದರಿಂದ ಎಷ್ಟು ಸಲ ಪಂಪ್ ಮಾಡಿದರೂ ಅದು ಹೊರಬರುವುದಿಲ್ಲ. ನಿಪ್ಪಲ್ ಮೇಲಿದೆಯೇ ಎಂದು ನೋಡಿಕೊಂಡು, ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿದೆ. ಬ್ಯಾಂಜೋ ಬೋಲ್ಟಿನ ಎರಡೂ ಬದಿಗೆ ಒಂದೊಂದು ತಾಮ್ರದ ವಾಶರ್ ಬೇಕು, ಅಂದರೆ ಎರಡು ಕ್ಯಾಲಿಪರಿಗೆ ಒಟ್ಟು ನಾಲ್ಕು. ಒಂದು ಪೆಟ್ಟಿಗೆಯಲ್ಲಿ ಎರಡಿದ್ದವು, ಇನ್ನೊಂದರಲ್ಲಿ ಒಂದೇ ಇತ್ತು. ಭಾನುವಾರ ಅಂಗಡಿ ಮುಚ್ಚಿರುತ್ತದೆಂಬ ನೆಪ ಹೇಳಿಕೊಂಡು, ನೋಡಲು ಚೆನ್ನಾಗಿಯೇ ಇದ್ದ ಹಳೆಯ ವಾಶರ್ ಒಂದನ್ನು ಒರೆಸಿ ಬಲಗಡೆಗೆ ಹಾಕಿದೆ.

ಗಾಳಿ ತೆಗೆಯುವ ಕೆಲಸಕ್ಕೆ ಬಿಚ್ಚುವ ಕೆಲಸದ ಎರಡರಷ್ಟು ಸಮಯ ಹಿಡಿಯಿತು. ದ್ರವದ ಮೇಲಿನ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲ್ಲನ ನಿಯಮವನ್ನು ವರ್ಷವರ್ಷ ಕರಿಹಲಗೆಯ ಮೇಲೆ ಬರೆಯುವ ನನಗೆ, ದ್ರವದಲ್ಲಿ ಒಂದು ಗುಳ್ಳೆ ಉಳಿದರೂ ಪೆಡಲಿನ ಒತ್ತಡ ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ ಎಂಬುದು ಪಾದಕ್ಕೆ ತಿಳಿದದ್ದು ಅಂದೇ: ಪೆಡಲ್ ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಇಳಿಯಿತು. ಮೊದಲು ಪೆಡಲಿಗೆ ಆನಿಸಿದ್ದ ಕೋಲನ್ನು ತೆಗೆದು, ನಿಪ್ಪಲ್ ತೆರೆದಿಟ್ಟು, ದ್ರವ ತನ್ನ ಭಾರಕ್ಕೆ ತಾನೇ ಇಳಿದು ಹೊಸ ಕ್ಯಾಲಿಪರ್ ತುಂಬಲು ಬಿಟ್ಟೆ. ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ದೂರವಿರುವ ಎಡಗಡೆಯಿಂದ ಆರಂಭಿಸಿ, ಪಾರದರ್ಶಕ ನಳಿಗೆಯ ಒಂದು ತುದಿಯನ್ನು ನಿಪ್ಪಲಿಗೆ ಸಿಕ್ಕಿಸಿ ಇನ್ನೊಂದನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿದೆ. ಪೆಡಲ್ ನೆಲದವರೆಗೆ ಹೋಗದಂತೆ ಅದರ ಕೆಳಗೆ ಮರದ ತುಂಡೊಂದನ್ನು ಇಟ್ಟಿದ್ದೆ, ಏಕೆಂದರೆ ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ನಿತ್ಯ ತುಳಿಯದ ಆಳದ ಭಾಗ ಒರಟಾಗಿರುತ್ತದೆ, ಅಲ್ಲಿಗೆ ತಳ್ಳಿದರೆ ಸೀಲ್ ಹರಿಯಬಹುದು.

“ಒತ್ತು” ಎಂದರೆ ಮಗ “ಒತ್ತೀನಿ ಅಪ್ಪಾ” ಎನ್ನಬೇಕು, ನಾನು ನಿಪ್ಪಲ್ ತೆರೆದು ಮುಚ್ಚಿದ ಮೇಲೆ “ಬಿಡು” ಎನ್ನಬೇಕು. ಐದಾರು ಸಲ ಸರಿಯಾಗಿ ನಡೆಯಿತು. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ನಾನು ಮುಚ್ಚುವ ಮೊದಲೇ ಕಾಲು ತೆಗೆದ. ನಳಿಗೆಯ ತುದಿ ಆಯಿಲಿನಲ್ಲಿ ಮುಳುಗಿದ್ದರೂ ನಿಪ್ಪಲಿನ ಎಳೆಗಳ ಸಂದಿನಿಂದ ಗಾಳಿ ಒಳಸೇರಿತು. “ನಾ ಬಿಡಲೇ ಇಲ್ಲಲ್ಲ?” ಎಂದು ಅವನೇ ನನ್ನನ್ನು ಕೇಳಿದ. ಫೋನ್ ಮನೆಯೊಳಗೆ ಹೋಯಿತು, ಆ ಬದಿಯ ಕೆಲಸ ಮೊದಲಿನಿಂದ ಆರಂಭವಾಯಿತು. ಪ್ರತಿ ಐದು ಒತ್ತಿಗೆ ಒಮ್ಮೆ ಡಬ್ಬಿಯ ಮಟ್ಟ ನೋಡಿ ತುಂಬುತ್ತಿದ್ದೆ. ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕು ನಾಲ್ಕೂ ಗಾಲಿಗಳ ಕೆಲಸವಾಗುತ್ತದೆ; ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರಾದರೆ ಅದರೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ ಕೂಡ ಬೇಕಾಗಬಹುದು.

ಸಂಜೆಗೆ ಪೆಡಲ್ ಕಲ್ಲಿನಂತಾಯಿತು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದೆ, ಜಾರಲಿಲ್ಲ. ಪೆಡಲ್ ಒತ್ತಿಕೊಂಡೇ ಎಂಜಿನ್ ಚಾಲೂ ಮಾಡಿದಾಗ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನಿಂದ ತುಸು ಇಳಿದು ಅಲ್ಲಿಯೇ ನಿಂತಿತು, ಆಗಬೇಕಾದದ್ದೂ ಅದೇ. ಆದರೂ ಹಳೆಯ ವಾಶರಿನ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎರಡೂ ಬ್ಯಾಂಜೋ ಬೋಲ್ಟುಗಳಿಗೆ ಒಣ ಪೇಪರ್ ನ್ಯಾಪ್ಕಿನ್ ಸುತ್ತಿ, ಕಾರನ್ನು ಸ್ಟ್ಯಾಂಡುಗಳ ಮೇಲೆಯೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎಡಗಡೆಯದು ಒಣಗಿತ್ತು. ಬಲಗಡೆಯದರ ಮೇಲೆ ನಾಲ್ಕಾಣೆ ಅಗಲದ ಒದ್ದೆ ಕಲೆಯಿತ್ತು.

ಸ್ಪೇರ್ ಪಾರ್ಟ್ಸ್ ಅಂಗಡಿಯ ಹಿರಿಯರು ಆ ವಾಶರನ್ನು ಬೆಳಕಿಗೆ ಹಿಡಿದು, ಅದರ ಮೇಲೆ ಹಳೆಯ ಬೋಲ್ಟ್ ಕೊರೆದ ವರ್ತುಳವನ್ನು ಉಗುರಿನಿಂದ ತೋರಿಸಿದರು. “ಸರ, ತಾಮ್ರ ಒಮ್ಮಿ ಒತ್ತಿ ಚಪ್ಪಟ ಆತಂದ್ರ ಬಿರುಸ ಆಗತೈತ್ರಿ, ಮತ್ತ ಹಿಡಿಯೂದಿಲ್ಲ. ಕೆಂಪಗ ಕಾಸಿ ನೀರಾಗ ಅದ್ದಿದ್ರ ಮೆತ್ತಗಾಗತೈತಿ ಖರೆ, ಆದ್ರ ಬ್ರೇಕಿಗೆ ಯಾಕ್ರಿ ಆ ಉಸಾಬರಿ?” ಎಂದರು. ತಾಮ್ರದ ಆ ಗುಣವನ್ನೂ ನಾನು ಪಾಠದಲ್ಲಿ ಹೇಳಿದವನೇ. ಎರಡು ಹೊಸ ವಾಶರ್ ತಂದು ಹಾಕಿ, ಆ ಬದಿಯ ಗಾಳಿಯನ್ನು ಮತ್ತೊಮ್ಮೆ ತೆಗೆದೆ.

ಗಾಲಿ ಇಳಿಸಿ, ಹೊರಡುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಪ್ಯಾಡುಗಳನ್ನು ಡಿಸ್ಕಿಗೆ ತಾಗಿಸಿಕೊಂಡೆ. ನವನಗರದ ಅಗಲ ರಸ್ತೆಗಳಲ್ಲಿ ನಸುಕಿಗೆ, ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ರವರೆಗೆ ನಿಧಾನವಾಗಿ ಇಳಿಸುತ್ತ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಡುತ್ತ ಹತ್ತು ಹನ್ನೆರಡು ಸಲ ಓಡಿಸಿದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ಇದು ಬೇಕು. ಗದ್ದನಕೇರಿ ಕ್ರಾಸಿನವರೆಗೆ ಹೋಗಿ ಬಂದು ಕೈ ಹಿಡಿದು ನೋಡಿದೆ: ಎರಡೂ ಬದಿಯ ಕಾವು ಒಂದೇ. ಒಂದು ವಾರ ಪ್ರತಿ ರಾತ್ರಿ ಬ್ಯಾಟರಿ ಹಿಡಿದು ಎರಡೂ ಬೋಲ್ಟುಗಳಿಗೆ ನ್ಯಾಪ್ಕಿನ್ ಒತ್ತಿ ನೋಡಿದೆ, ಡಬ್ಬಿಯ ಮೇಲೆ ಪೆನ್ನಿನಿಂದ ಎಳೆದ ಗೆರೆಯಿಂದ ಆಯಿಲ್ ಕೆಳಗಿಳಿದಿರಲಿಲ್ಲ.