ಪಾಳುಬಿದ್ದ ರೀಫ್ ಟ್ಯಾಂಕನ್ನು ಮತ್ತೆ ದಾರಿಗೆ ತಂದ ಬಗೆ

ಕೈಗೆ ಬಂದಾಗ ಮಂಗಳೂರಿನ ಈ ರೀಫ್ ಟ್ಯಾಂಕಿನ, ಅಂದರೆ ಹವಳ, ಕಡಲ ಮೀನು ಸಾಕುವ ಉಪ್ಪುನೀರಿನ ತೊಟ್ಟಿಯ ಲೆಕ್ಕ ಹೀಗಿತ್ತು: ನೀರು 200 ಲೀಟರ್, ಉಪ್ಪಿನಂಶ 40 ಪಿಪಿಟಿ (ಸಾವಿರ ಭಾಗಕ್ಕೆ 40), ಉಷ್ಣತೆ 30 ಡಿಗ್ರಿ, ನೈಟ್ರೇಟ್ 100 ಪಿಪಿಎಂ, ಫಾಸ್ಫೇಟ್ 1ರ ಆಸುಪಾಸು, ಕೆಎಚ್ (ಪಿಎಚ್ ಕುಸಿಯದಂತೆ ಹಿಡಿದಿಡುವ ಕ್ಷಾರೀಯತೆಯ ಅಳತೆ) 5. ಒಳಗೆ ಎರಡು ಕ್ಲೌನ್ ಮೀನು, ಒಂದಷ್ಟು ಜೊಯಾಂಥಿಡ್ (ಕಲ್ಲಿಗಂಟಿ ಗುಂಪಾಗಿ ಬೆಳೆಯುವ, ಹವಳದ ಬಂಧು), ಮುದುಡಿ ಕೂತ ಒಂದು ಲೆದರ್ ಹವಳ, ಕಲ್ಲಿನ ತುಂಬ ಐಪ್ಟೇಶಿಯಾ, ಅಂದರೆ ಕಳೆಯಂತೆ ಹಬ್ಬುವ ಪುಟ್ಟ ಸೀ ಅನಿಮೋನ್. ಹೊಸಬರ ಕೈ ಮೊದಲು ಬ್ರಷ್‌ಗೇ ಹೋಗುತ್ತದೆ. ಬೇಡ. ಬದುಕುಳಿದ ಜೀವಿಗಳು ಆ ಕೆಟ್ಟ ನೀರಿಗೇ ಒಗ್ಗಿಹೋಗಿವೆ. ಹಳೆಯ ನೀರಿನಲ್ಲಿ ಪಿಎಚ್ ಇಳಿದಿರುವುದರಿಂದ ಇರುವ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿ ತಣ್ಣಗೆ ಕೂತಿರುತ್ತದೆ. ಒಂದೇ ದಿನ ಅರ್ಧ ನೀರು ಬದಲಿಸಿ ಪಿಎಚ್ ಏರಿಸಿದರೆ ಅದೇ ವಿಷವಾಗುತ್ತದೆ. ಹಾಗಾಗಿ ಮೊದಲ ದಿನ ಅಳೆದು ಬರೆದುಕೊಳ್ಳುವುದಷ್ಟೇ ಕೆಲಸ.

ಕೈ ಹಾಕುವ ಮೊದಲು ಇನ್ನೊಂದು. ಕೆಲವು ಜೊಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಉಂಟು. ಉದ್ದನೆಯ ಕೈಗವಸು, ಕನ್ನಡಕ ಇಲ್ಲದೆ ಆ ಕಲ್ಲು ಮುಟ್ಟಬೇಡಿ. ಕ್ರಿಮಿ ಸಾಯಲಿ ಎಂದು ಕಲ್ಲನ್ನು ಕುದಿಸುವವರಿದ್ದಾರೆ. ಆ ಹಬೆ ಉಸಿರಿಗೆ ಹೋದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಮೊದಲು ಸರಿಮಾಡಬೇಕಾದ್ದು ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಇಳಿದ ಮಟ್ಟಕ್ಕೆ ಸಿಹಿನೀರಿನ ಬದಲು ಉಪ್ಪುನೀರನ್ನೇ ಸುರಿಯುತ್ತ ಬಂದರೆ 40 ಆಗದೆ ಇನ್ನೇನು? ದಿನಕ್ಕೆ 5 ಲೀಟರ್ ತೆಗೆದು, ಅಷ್ಟೇ ಸಿಹಿನೀರು ನಿಧಾನವಾಗಿ ಸೇರಿಸಿದೆ. ಐದು ದಿನಕ್ಕೆ 35ಕ್ಕೆ ಬಂತು. ಹೀಗೆ ತೆಳುವಾಗುವಾಗ ಕೆಎಚ್ ಕೂಡ ಇಳಿಯುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ: ಸುಮ್ಮನಿದ್ದರೆ 5 ಇದ್ದದ್ದು 4.4 ಆಗುತ್ತಿತ್ತು. ಅದಕ್ಕೆ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಇಲ್ಲಿ ದಿನಕ್ಕೆ 3 ಗ್ರಾಂ, ಅಂದರೆ ಅರ್ಧ ಡಿಗ್ರಿ, ಸಿಹಿನೀರಿನಲ್ಲಿ ಕರಗಿಸಿ ಪಂಪಿನ ಹರಿವಿಗೆ ಬಿಟ್ಟೆ, 8 ಮುಟ್ಟುವವರೆಗೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಸಿಹಿನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35 ಪಿಪಿಟಿ ದ್ರಾವಣದಲ್ಲಿ ಕೂರಿಸಿ.

ಸಿಹಿನೀರು ಎಂದರೆ ಬಾವಿಯದ್ದಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಸಾಮಾನ್ಯ. ಅಡುಗೆಮನೆಯ ಆರ್‌ಒ ಕೂಡ ಸಾಲದು, ಏಕೆಂದರೆ ಕುಡಿಯುವ ರುಚಿಗಾಗಿ ಅದು ಸ್ವಲ್ಪ ಶೋಧಿಸದ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತದೆ. ಆರ್‌ಒ ನಂತರ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ರಾಳದ ಮಣಿ) ಇರಲಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸಲಿ. ಸಮುದ್ರ ಪಕ್ಕದಲ್ಲೇ ಉಂಟಲ್ಲ, ಪಣಂಬೂರಿನಿಂದಲೋ ಮಲ್ಪೆಯಿಂದಲೋ ನಾಲ್ಕು ಬಾಲ್ದಿ ತಂದರಾಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗದು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸ್ವರ್ಣಾ ನದಿಗಳ ಕೆಂಪು ನೀರು ಅಳಿವೆ ದಾಟಿ ದಡದುದ್ದಕ್ಕೂ ಹರಡಿ ಉಪ್ಪಿನಂಶ ತೀರ ಇಳಿದಿರುತ್ತದೆ. ಬೇಸಿಗೆಯಲ್ಲಿ ದಡದ ನೀರಿಗೆ ದೋಣಿಯ ಎಣ್ಣೆ, ಚರಂಡಿ. ಕೃತಕ ಉಪ್ಪೇ ಲೇಸು, ಪೂರ್ತಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಾತ್ರ. ಜುಲೈ ತಿಂಗಳಲ್ಲಿ ಚೀಲ ಬಿಚ್ಚಿಟ್ಟರೆ ಅದು ಕಲ್ಲಾಗುತ್ತದೆ, ಅಂಥ ಉಪ್ಪಿನ ಕೆಎಚ್, ಕ್ಯಾಲ್ಸಿಯಂ ನಂಬುವಂತಿಲ್ಲ.

ಆಮೇಲೆ ವಾರಕ್ಕೊಮ್ಮೆ 40 ಲೀಟರ್ ಬದಲಾವಣೆ. ಅದಕ್ಕೆ ಸುಮಾರು ಒಂದೂವರೆ ಕಿಲೋ ಉಪ್ಪು, ರಾತ್ರಿಯಿಡೀ ಪಂಪು ಹಾಕಿ ಕದಡಿದ್ದು. ಐದನೇ ಭಾಗ ಬದಲಿಸಿದರೆ, ಉಪ್ಪು ಇಳಿಸುವಾಗಲೇ 88ಕ್ಕೆ ಬಂದಿದ್ದ ನೈಟ್ರೇಟ್ 70, ಮತ್ತೆ 56, 45, 36 ಹೀಗೆ ಇಳಿಯುತ್ತದೆ. ಐದನೇ ವಾರಕ್ಕೆ 29. ಫಾಸ್ಫೇಟ್ ಇಷ್ಟು ಸಲೀಸಲ್ಲ. ನೀರು ಬದಲಿಸಿದ ದಿನ ಇಳಿದದ್ದು ಎರಡು ದಿನದಲ್ಲಿ ಹಳೆಯ ಮಟ್ಟಕ್ಕೇ ಏರುತ್ತದೆ, ಕಿಟ್ ಕೆಟ್ಟಿತೋ ಎನಿಸುವಷ್ಟು. ವರ್ಷಗಟ್ಟಲೆ ಕಲ್ಲು, ಮರಳು ಹೀರಿಕೊಂಡದ್ದು ವಾಪಸು ಬಿಡುತ್ತಿರುತ್ತದೆ, ಅಷ್ಟೆ. ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಬಳಸಿದೆ, ಪೊಟ್ಟಣದಲ್ಲಿ ಹೇಳಿದ ಅಳತೆಯ ಕಾಲುಭಾಗದಿಂದ ಶುರುಮಾಡಿ. ಒಮ್ಮೆಗೇ ಪೂರ್ತಿ ಹಾಕಿದರೆ ಹವಳಕ್ಕೆ ಆಘಾತ.

ಮರಳಿನ ವಿಷಯದಲ್ಲಿ ಅವಸರ ಮಾಡಿದರೆ ಟ್ಯಾಂಕೇ ಹೋಗಬಹುದು. ಗಾಜಿನ ಅಂಚಿನಲ್ಲಿ ಕಪ್ಪು ಪದರ ಕಂಡರೆ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಪ್ರತಿ ವಾರ ನೀರು ತೆಗೆಯುವಾಗ ನಾಲ್ಕನೇ ಒಂದು ಭಾಗದ ಮರಳನ್ನಷ್ಟೇ ಪೈಪಿನಿಂದ ಎಳೆದೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಓಡುತ್ತಿರುವಾಗಲೇ. ಕಲ್ಲುಜ್ಜಲು, ಟ್ಯಾಂಕಿನಿಂದ ತೆಗೆದ ಹಳೆಯ ನೀರನ್ನೇ ಬಾಲ್ದಿಯಲ್ಲಿಟ್ಟುಕೊಳ್ಳಿ. ನಲ್ಲಿಯ ಕ್ಲೋರಿನ್ ಕಲ್ಲಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸುಣ್ಣ ಕಟ್ಟಿದ ಪಂಪು, ಸ್ಕಿಮ್ಮರಿಗೆ ಅರ್ಧ ವಿನೆಗರ್, ಅರ್ಧ ನೀರು, ಒಂದು ರಾತ್ರಿ.

ನೀರು ತಿಳಿಯಾದಂತೆ ಬೆಳಕು ಆಳಕ್ಕಿಳಿಯುತ್ತದೆ. ಹಳದಿ ನೀರಿನಲ್ಲಿದ್ದ ಹವಳಕ್ಕೆ ಅದೇ ಎಲ್‌ಇಡಿ ಈಗ ಸುಡುಬಿಸಿಲು. ಅರ್ಧಕ್ಕಿಳಿಸಿ, ವಾರವಾರ ಏರಿಸಿ.

ಐಪ್ಟೇಶಿಯಾವನ್ನು ಕೀಳಬೇಡಿ, ಜಜ್ಜಬೇಡಿ. ಉಳಿದ ಚೂರು ಚೂರೂ ಹೊಸ ಜೀವಿ. ಪಂಪು ನಿಲ್ಲಿಸಿ, ಗಟ್ಟಿಯಾಗಿ ಕಲಸಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಸಿರಿಂಜಿನಲ್ಲಿ ಅದರ ಬಾಯಿಗೇ ಬಿಡಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಅದೇ ತಾನೇ ಎಂದರೆ, ಹೌದು. ಆದರೆ ಡಬ್ಬಿಯಲ್ಲಿ ಜೊತೆಗೆ ಏನು ಬೆರೆಸಿದ್ದಾರೋ ಹೇಳಲಾಗದು, ಲ್ಯಾಬ್ ದರ್ಜೆಯದ್ದನ್ನೇ ತನ್ನಿ. ಪಿಎಚ್ ಏರುವುದರಿಂದ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬೇಡ.

ಉಳಿದದ್ದು ಸೆಕೆ. ನೀರಿನ ಮೇಲೆ ಬೀಸುವ ಫ್ಯಾನು ತಂಪು ಮಾಡುವುದು ಆವಿಯಿಂದ; ಗಾಳಿಯೇ ಒದ್ದೆಯಾಗಿರುವ ಕರಾವಳಿಯಲ್ಲಿ ಅದರ ಆಟ ಅಷ್ಟಕ್ಕಷ್ಟೆ, ಮಳೆಗಾಲದಲ್ಲಂತೂ ಇಲ್ಲವೇ ಇಲ್ಲ. ಚಿಲ್ಲರ್ ಹಾಕಿ ದಿನಕ್ಕೆ ಒಂದೇ ಡಿಗ್ರಿಯಂತೆ 26ಕ್ಕೆ ಇಳಿಸಿದೆ. ಕರೆಂಟು ಹೋದಾಗ ಮೀನಿಗೆ ಮೊದಲು ಬೇಕಾದ್ದು ಆಮ್ಲಜನಕ, ತಂಪು ಆಮೇಲೆ. ಬ್ಯಾಟರಿಯ ಏರ್ ಪಂಪು ಒಂದು ಟ್ಯಾಂಕಿನ ಪಕ್ಕದಲ್ಲೇ ಇರಲಿ.