ಜೋಳದ ಕಣಿಕೆ ಜೊತೆ ಶೇಂಗಾ ಬಳ್ಳಿ, ಸಮಪಾಲು

ಬೇಸಿಗೆಯಲ್ಲಿ ಕುರಿಗೆ ಬರೀ ಜೋಳದ ಕಣಿಕೆ ಹಾಕಬೇಡಿ, ಅದನ್ನು ಸಣ್ಣಗೆ ಕತ್ತರಿಸಿ ಅಷ್ಟೇ ತೂಕದ ಒಣ ಶೇಂಗಾ ಬಳ್ಳಿ ಬೆರೆಸಿ ಹಾಕಿ. ಒಣ ಕಣಿಕೆಯಲ್ಲಿ ಪ್ರೋಟೀನ್ ಶೇ. 4ರ ಆಸುಪಾಸು ಮಾತ್ರ, ಎಲೆ ಇರುವ ಒಳ್ಳೆ ಬಳ್ಳಿಯಲ್ಲಿ ಸುಮಾರು 10ರಿಂದ 12. ಮೇವಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸೊರಗುತ್ತವೆ, ನಾರು ಕರಗುವುದಿಲ್ಲ, ಹಾಗಾಗಿ ಕುರಿ ಮೇವು ಮುಂದಿದ್ದರೂ ಕಡಿಮೆ ತಿಂದು ಬಡವಾಗುತ್ತದೆ. ಅರ್ಧ ಅರ್ಧ ಬೆರೆಸಿದರೆ 7ರಿಂದ 8ರ ಆಸುಪಾಸು ಬರುತ್ತದೆ, ಕಣಿಕೆಯೂ ಚೆನ್ನಾಗಿ ಅರಗುತ್ತದೆ. ಗಬ್ಬದ ಕುರಿಗೆ ಕೊನೆಯ ಒಂದೂವರೆ ತಿಂಗಳು ಇಷ್ಟು ಸಾಲದು, ದಿನಕ್ಕೆ 100 ಗ್ರಾಂ ಶೇಂಗಾ ಹಿಂಡಿ ಸೇರಿಸಿ, ಅದರಲ್ಲೇ ಹತ್ತಿರ ಹತ್ತಿರ 40 ಗ್ರಾಂ ಪ್ರೋಟೀನ್ ಸಿಗುತ್ತದೆ. ಆದರೆ ಬಳ್ಳಿ ನೋಡಿ ತನ್ನಿ. ಪ್ರೋಟೀನ್ ಜಾಸ್ತಿ ಇರುವುದು ಎಲೆಯಲ್ಲಿ, ಮುಷ್ಟಿಯಲ್ಲಿ ಹಿಡಿದು ಒದರಿದಾಗ ಎಲೆಯೆಲ್ಲ ಉದುರಿ ಬರೀ ಕಡ್ಡಿ ಕೈಯಲ್ಲಿ ಉಳಿದರೆ ಅದು ಕಣಿಕೆಗಿಂತ ಅಷ್ಟೇನೂ ಮೇಲಲ್ಲ, ದುಡ್ಡು ಸುಮ್ನೆ ಹೋಗುತ್ತದೆ. ಮಳೆಗೆ ನೆಂದು ಕಪ್ಪಾಗಿ ಬೂಷ್ಟು ವಾಸನೆ ಬರುವ ಬಳ್ಳಿ, ಹಿಂಡಿ ಎರಡನ್ನೂ ದಯವಿಟ್ಟು ಮುಟ್ಟಬೇಡಿ, ಆ ಬೂಷ್ಟಿನ ವಿಷ ಈಲಿ (ಲಿವರ್) ಕೆಡಿಸುತ್ತದೆ, ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಬೇರಿನ ಮಣ್ಣು ಕೊಡವಿ ಹಾಕಿ. ಹೊಸ ಮೇವನ್ನು ಒಂದೇ ದಿನ ಪೂರ್ತಿ ಬದಲಿಸದೆ ಎಂಟು ಹತ್ತು ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಭೇದಿ ಶುರುವಾಗುತ್ತದೆ.